ಚಂದಕ್ಕೊಂದು ತೂತು

ತೂತು ಮಾಡುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಎಂದು ನಾನು ಇತ್ತೀಚಿನವರೆಗೂ ನಂಬಿದ್ದೆ. ನಂಬಲಿಕ್ಕೆ ಕಾರಣವೂ ಇತ್ತು. ನಮ್ಮ ಮನೆಯಲ್ಲಿ ತೂತುಗಳು ತಾವಾಗಿಯೇ ಆಗುತ್ತವೆ. ಯಜಮಾನರ ಬನಿಯನ್ನು, ಅಕ್ಕಿಯ ಗೋಣಿ, ನೀರಿನ ಪೈಪು, ಮೊನ್ನೆ ಮೊನ್ನೆ ತಂದ ಸೊಳ್ಳೆಪರದೆ, ಇವಕ್ಕೆಲ್ಲ ಯಾರೂ ಬೆವರು ಸುರಿಸಿ ತೂತು ಕೊರೆದದ್ದಲ್ಲ. ಬೇಡದಲ್ಲೆಲ್ಲ ಹೀಗೆ ಧಾರಾಳವಾಗಿ ಆಗುವ ತೂತು, ಬೇಕಾದ ಜಾಗದಲ್ಲಿ, ಬೇಕಾದ ಅಳತೆಯಲ್ಲಿ, ಗುಂಡಗೆ ಒಂದೇ ಒಂದು ಆಗಬೇಕು ಎಂದು ನಾವು ಹೊರಟಾಗ ಮಾತ್ರ ಎಂತಹ ಹಟ ಮಾಡುತ್ತದೆ ಎಂಬುದು ಪಟ್ಟವರಿಗೇ ಗೊತ್ತು. ಅದರಲ್ಲೂ ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ವೃತ್ತ ಎಂದರೇನು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕರಿಹಲಗೆಯ ಮೇಲೆ ಕೈವಾರ ಇಲ್ಲದೆ ಒಂದೇ ಬೀಸಿಗೆ ವೃತ್ತ ಎಳೆದು, ಹಿಂದಿನ ಬೆಂಚಿನವರ ಬಾಯಿಂದಲೂ 'ಹೋ' ಎನಿಸಿಕೊಂಡವಳು. ಆದರೆ ನನ್ನ ಈ ಪ್ರತಿಭೆ ಸೀಮೆಸುಣ್ಣ ಬಿಟ್ಟು ಬೇರೆ ಯಾವುದಕ್ಕೂ ಇಳಿದು ಬಂದದ್ದಿಲ್ಲ. ನೀರುದೋಸೆಯ ಊರಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ. ಅದನ್ನು ಮಡಚಿ ತಟ್ಟೆಗೆ ಹಾಕುವುದರಿಂದ ಅದರ ಆಕಾರದ ಬಗ್ಗೆ ಯಾರೂ ವಿಚಾರಣೆ ಮಾಡುವುದಿಲ್ಲ.

ಈ ತೂತಿನ ಕಥೆ ಶುರುವಾದದ್ದು ನಮ್ಮ ಗೇಟಿನಿಂದ. ದರ್ಬೆಯ ಮುಖ್ಯ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಏರು ಸಿಗುತ್ತದೆ. ಅಲ್ಲಿ ನಮ್ಮ ಗೇಟು ಕೆಳಗೆ, ಮನೆ ಮೇಲೆ. ನಡುವೆ ಮೆಟ್ಟಿಲುಗಳು. ಬೀದಿಯ ದನಗಳು ಬಂದು ಹೂವಿನ ಗಿಡ ತಿನ್ನುತ್ತವೆಂದು ಗೇಟಿಗೆ ಒಳಗಿನಿಂದ ಬೀಗ. ಬಂದವರು ಕೆಳಗೆ ನಿಂತು ಕೂಗಬೇಕು, ಮೇಲಿದ್ದವರಿಗೆ ಕೇಳಿಸಬೇಕು. ಮೇಲೆ ನನ್ನ ಮಿಕ್ಸಿ, ಅದನ್ನು ಸೋಲಿಸಲು ಮಾವನ ಟಿವಿ, ಎರಡನ್ನೂ ಸೋಲಿಸಲು ಕುಕ್ಕರು. ಹಿಂದೊಮ್ಮೆ ತಂತಿಯಿಲ್ಲದ ಬೆಲ್ಲೊಂದನ್ನು ತಂದಿದ್ದೆವು. ಪಕ್ಕದ ಮನೆಯ ಮೈಮೂನಳ ಸ್ವಿಚ್ಚು ಒತ್ತಿದರೆ ಅದು ನಮ್ಮಲ್ಲಿ ಹಾಡುತ್ತಿತ್ತು. ನಮ್ಮ ಸ್ವಿಚ್ಚು ಒತ್ತಿದರೆ ಎಲ್ಲೂ ಹಾಡುತ್ತಿರಲಿಲ್ಲ. ಮೊದಲ ಮಳೆಗೆ ಅದೂ ತಣ್ಣಗಾಯಿತು. "ಬೇಕಾದವರು ಎರಡು ಸಲ ಕೂಗ್ತಾರೆ, ಬೇಡದವರು ಹೋಗ್ತಾರೆ. ಒಳ್ಳೇದೇ ಅಲ್ವಾ?" ಎಂದು ಯಜಮಾನರು ವಿಷಯವನ್ನು ಮುಗಿಸಿದ್ದರು.

ಆದರೆ ಒಂದು ದಿನ ಹಾಗೆ ಕೂಗಿ ಹೋದವರು ಶಾರದತ್ತಿಗೆ. ಯಜಮಾನರ ಅಕ್ಕ. ಸುಳ್ಯದಲ್ಲಿ ಅವರ ಮನೆ. ಮಗಳ ಮದುವೆ ನಿಶ್ಚಯವಾಗಿ, ಮದುವೆ ಕಾಗದಗಳಲ್ಲಿ ಮೊದಲನೆಯದನ್ನು ತವರುಮನೆಗೇ ಕೊಡಬೇಕೆಂದು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಕೂಗಿದರು. ಗೇಟು ಬಡಿದರು. ಫೋನು ಮಾಡಿದರು. ನನ್ನ ಫೋನನ್ನು ಶಾಲೆಯಲ್ಲಿ ಮೌನಕ್ಕೆ ಹಾಕಿದ್ದೆ. ಮನೆಗೆ ಬಂದ ಮೇಲೂ ಅದು ತನ್ನ ವ್ರತ ಬಿಟ್ಟಿರಲಿಲ್ಲ. ಯಜಮಾನರು ಆಫೀಸಿನಲ್ಲಿ ಯಾವುದೋ ಮೀಟಿಂಗಿನಲ್ಲಿದ್ದರು. ಮಾವ ಮೊಬೈಲು ಇಟ್ಟುಕೊಳ್ಳುವವರೇ ಅಲ್ಲ. ಅತ್ತಿಗೆ ಕಾಗದವನ್ನು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಗೇಟಿನ ಸರಳಿಗೆ ಸಿಕ್ಕಿಸಿ ಹೋದರು.

ಸಂಜೆ ಅದನ್ನು ಮೇಲೆ ತಂದು ಮಾವನ ಕೈಗೆ ಕೊಟ್ಟಾಗ ಅವರು ಬಿಚ್ಚಿ ಕೂಡ ನೋಡಲಿಲ್ಲ. "ಗೇಟಿಗೆ ಹೇಳಿದ ಮದುವೆಗೆ ಗೇಟೇ ಹೋಗಲಿ" ಎಂದುಬಿಟ್ಟರು. ಯಜಮಾನರು ಅಕ್ಕನಿಗೆ ಫೋನು ಮಾಡಿದರೆ ಅಲ್ಲಿಂದ ಬಂದ ಉತ್ತರ: "ನಾನು ಕೊಟ್ಟು ಆಗಿದೆ. ಇನ್ನು ಆ ಮೆಟ್ಟಿಲು ಹತ್ತುದಿಲ್ಲ." ಅಪ್ಪ ಮಗಳು ಇಬ್ಬರೂ ಒಂದೇ ಅಚ್ಚಿನವರು. ಮದುವೆಯ ದಿನ ಹತ್ತಿರ ಬರುತ್ತಿತ್ತು. ಮೊಮ್ಮಗಳ ಮದುವೆಗೆ ಅಜ್ಜ ಹೋಗದಿದ್ದರೆ ನೆಂಟರೆಲ್ಲ ಕೇಳುವುದು ನನ್ನನ್ನೇ. ಸೊಸೆ ಏನು ಮಾಡಿದಳು ಎಂದು. ಯಜಮಾನರು ದಿನವೂ ಫೋನಿನಲ್ಲಿ ಸಂಧಾನ ಮಾಡಿ ಮಾಡಿ, ಕಡೆಗೆ ಅತ್ತಿಗೆ ಒಂದು ಮಟ್ಟಕ್ಕೆ ಇಳಿದರು. "ಆದಿತ್ಯವಾರ ಬರ್ತೇನೆ. ಗೇಟಿನಲ್ಲೇ ನಿಂತು ಅಪ್ಪನ ಕೈಗೆ ಇನ್ನೊಂದು ಕಾಗದ ಕೊಟ್ಟು ಹೋಗುದು. ಒಳಗೆ ಬರುದಿಲ್ಲ. ಮತ್ತೆ ಇನ್ನೊಂದು, ನಾನು ಕೂಗುದಿಲ್ಲ. ಬೆಲ್ಲು ಇದ್ರೆ ಒತ್ತುದು, ಇಲ್ಲದಿದ್ರೆ ವಾಪಸು ಹೋಗುದು."

ಹೀಗೆ ಒಂದು ಕುಟುಂಬದ ಮಾನ ಒಂದು ಬೆಲ್ಲಿಗೆ ಬಂದು ನಿಂತಿತು. ಎಲೆಕ್ಟ್ರಿಷಿಯನ್ ಉಮೇಶನನ್ನು ಕರೆಸಿದೆವು. ಅವನು ಮೆಟ್ಟಿಲ ಬದಿಯಲ್ಲಿ ತಂತಿ ಎಳೆದ, ಮನೆಯೊಳಗೆ ಬ್ಯಾಟರಿಯ ಬೆಲ್ಲು ಕೂರಿಸಿದ, ಒಂದು ಕಪ್ಪು ಸ್ವಿಚ್ಚನ್ನೂ ಮಳೆನೀರು ತಾಗದ ಹಾಗೆ ಅದನ್ನು ಕೂರಿಸಲು ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ನನ್ನ ಕೈಗೆ ಕೊಟ್ಟ. ಪೆಟ್ಟಿಗೆ ನಾಲ್ಕೂ ಕಡೆ ನುಣ್ಣಗೆ, ಎಲ್ಲೂ ಒಂದು ಸಾಸಿವೆ ಹೋಗುವಷ್ಟೂ ಸಂದಿಲ್ಲ. "ಇದಕ್ಕೆ ತೂತು?" ಎಂದೆ. "ಡ್ರಿಲ್ಲು ಪೆರಾಬೆಯಲ್ಲಿ ಒಂದು ಮದುವೆ ಮನೆಯಲ್ಲಿ ಬಾಕಿ ಆಗಿದೆ ಅಕ್ಕ. ಮತ್ತೆ ಡ್ರಿಲ್ಲು ಹಾಕಿದ್ರೆ ಈ ಪ್ಲಾಸ್ಟಿಕ್ ಒಡೀತದೆ. ಸಾಲ್ಡರಿಂಗ್ ಐರನ್ ಬಿಸಿ ಮಾಡಿ ಇಟ್ರೆ ಸಲೀಸಾಗಿ ಹೋಗ್ತದೆ. ನೀವೇ ಮಾಡಿ, ಎಂತ ಇಲ್ಲ ಅದ್ರಲ್ಲಿ" ಎಂದು ಹೇಳಿ, ತಂತಿಯ ಎರಡು ತುದಿ ಸ್ವಿಚ್ಚಿಗೆ ಹೇಗೆ ಸುತ್ತಬೇಕೆಂದು ತೋರಿಸಿ ಬೈಕು ಹತ್ತಿದ.

'ಎಂತ ಇಲ್ಲ ಅದ್ರಲ್ಲಿ' ಎಂಬ ಮಾತು ಎಷ್ಟು ನಿಜ! ತೂತಿನಲ್ಲಿ ಏನೂ ಇರುವುದಿಲ್ಲ. ಆ ಏನೂ ಇಲ್ಲದ್ದನ್ನು ತಯಾರಿಸಲು ಸಾಲ್ಡರಿಂಗ್ ಐರನ್ ಬೇಕಲ್ಲ. ಅದು ಮೈಮೂನಳ ಮನೆಯಲ್ಲಿತ್ತು. ಅವಳ ಗಂಡ ರಫೀಕ್ ಗಲ್ಫಿಗೆ ಹೋಗುವ ಮೊದಲು ಇಲ್ಲೇ ಮೊಬೈಲು ರಿಪೇರಿ ಮಾಡುತ್ತಿದ್ದ. ಶುಕ್ರವಾರ ನಾನು ಶಾಲೆಯಿಂದ ಬಂದು ಕೇಳಿದ್ದೇ ತಡ, ಅವಳು ಕಪಾಟಿನ ಮೇಲಿನಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಐರನ್ನನ್ನೂ, ಜೊತೆಗೆ ಫೋನಿನಲ್ಲಿ ರಫೀಕನನ್ನೂ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದಳು. ಗಲ್ಫಿನಲ್ಲಿ ಅವನಿಗೆ ಅಂದು ರಜೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆವು. "ಒತ್ತಬೇಡಿ ಟೀಚರೇ, ಅದರಷ್ಟಕ್ಕೆ ಹೋಗ್ಲಿ" ಎಂದು ರಫೀಕ್ ಸಮುದ್ರದಾಚೆಯಿಂದ ಅಪ್ಪಣೆ ಕೊಟ್ಟ.

ನೇರವಾಗಿ ಪೆಟ್ಟಿಗೆಗೆ ಕೈ ಹಾಕುವಷ್ಟು ದಡ್ಡಿ ನಾನಲ್ಲ. ಮೊದಲು ಒಂದು ಐಸ್‌ಕ್ರೀಂ ಡಬ್ಬಿಯ ಮುಚ್ಚಳದ ಮೇಲೆ ಕೈವಾರದಲ್ಲಿ ಸ್ವಿಚ್ಚಿನ ಕುತ್ತಿಗೆಯ ಅಳತೆಗೆ ವೃತ್ತ ಎಳೆದೆ. ಗೆರೆಯ ಮೇಲೆ ಬಿಸಿ ಮೊನೆ ಇಟ್ಟೆ. ಚುಂಯ್ ಎಂದು ಹೊಗೆ ಎದ್ದು, ಮೊನೆ ನಿಜಕ್ಕೂ ಸಲೀಸಾಗಿ ಇಳಿಯಿತು. ಆದರೆ ಅದು ಇಳಿದದ್ದು ನನ್ನ ಗೆರೆಯ ಮೇಲಲ್ಲ. ಅದಕ್ಕೆ ಇಷ್ಟ ಬಂದ ಕಡೆ. ಕರಗಿದ ಪ್ಲಾಸ್ಟಿಕ್ಕು ಎಲ್ಲಿಗೂ ಹೋಗದೆ ತೂತಿನ ಸುತ್ತ ದಪ್ಪ ತುಟಿಯ ಹಾಗೆ ಎದ್ದು ನಿಂತಿತು. ಬಲಗಡೆ ಉಬ್ಬಿದೆಯೆಂದು ಬಲಗಡೆ ಸವರಿದೆ. ಆಗ ಎಡಗಡೆ ಕಡಿಮೆಯಾಯಿತು. ಎಡಗಡೆ ಸವರಿದಾಗ ಮೇಲ್ಗಡೆಗೆ ಅನ್ಯಾಯವಾದಂತೆ ಕಂಡಿತು. ಹೀಗೆ ಎಲ್ಲರಿಗೂ ನ್ಯಾಯ ಕೊಡುತ್ತ ಹೋದಂತೆ ತೂತು ದೊಡ್ಡದಾಗುತ್ತ ಹೋಗಿ, ಕಡೆಗೆ ಸ್ವಿಚ್ಚನ್ನು ಇಟ್ಟು ನೋಡಿದರೆ ಅದು ಯಾವ ಅಡೆತಡೆಯೂ ಇಲ್ಲದೆ ಇನ್ನೊಂದು ಬದಿಗೆ ಹಾದು ನೆಲಕ್ಕೆ ಬಿತ್ತು. "ಇದು ತೂತಲ್ಲ ಟೀಚರೇ, ಕಿಟಕಿ" ಎಂದಳು ಮೈಮೂನ. ಅವಳೂ ಒಂದು ಮುಚ್ಚಳದಲ್ಲಿ ಕೈ ನೋಡಿದಳು. ಅವಳದ್ದು ಗೇರುಬೀಜದ ಆಕಾರಕ್ಕೆ ಬಂತು. ರಫೀಕನಿಗೆ ತೋರಿಸಿದರೆ ಅವನು ಹೆಂಡತಿಯದ್ದೇ ವಾಸಿ ಎಂದು ತೀರ್ಪು ಕೊಟ್ಟ. ಅಷ್ಟು ದೂರದಲ್ಲಿರುವ ಗಂಡಸು ಬೇರೆ ಏನು ತಾನೇ ಹೇಳಿಯಾನು.

ಮುಚ್ಚಳಗಳು ಒಂದೊಂದಾಗಿ ಬಲಿಯಾದವು. ಮಾವ ಟಿವಿಯ ಶಬ್ದ ತಗ್ಗಿಸಿ, "ಯಾರ ಮನೆ ವಯರು ಸುಡ್ತಾ ಉಂಟು? ಉಮೇಶ ಎಂತ ಮಾಡಿ ಹೋಗಿದ್ದಾನೆ ನೋಡು" ಎಂದರು. ಆಫೀಸಿನಿಂದ ಬಂದ ಯಜಮಾನರು ಚಟ್ನಿಪುಡಿಯ ಡಬ್ಬಿ ಎತ್ತಿ, ಮುಚ್ಚಳದ ತೂತಿನೊಳಗಿಂದ ನನ್ನನ್ನು ನೋಡುತ್ತ, "ಇದಕ್ಕೆ ಉಸಿರಾಟದ ತೊಂದರೆ ಇತ್ತಾ?" ಎಂದು ಕೇಳಿದರು. ಸಹಾಯ ಮಾಡದವರಿಗೆ ತಮಾಷೆ ಬೇಗ ಹೊಳೆಯುತ್ತದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಅತ್ತಿಗೆಯೂ ಮರೆತುಹೋಗಿದ್ದರು, ಮದುವೆಯೂ ಮರೆತುಹೋಗಿತ್ತು. ಒಂದು ಗುಂಡಗಿನ ತೂತು, ಅಷ್ಟೇ ನನಗೆ ಬೇಕಿದ್ದದ್ದು.

ಗುಂಡಗಿನ ತೂತಿಗೆ ಮೊನೆಯನ್ನು ತಿರುಗಿಸುವುದು ತಪ್ಪು, ಬಿಸಿಯಾಗುವ ವಸ್ತುವೇ ಗುಂಡಗಿರಬೇಕು ಎಂಬುದು ನನಗೆ ಶನಿವಾರ ಮಧ್ಯಾಹ್ನ ಹೊಳೆಯಿತು. ಉಗುರಿನಿಂದ ಎಲೆಯ ಮೇಲೆ ವೃತ್ತ ಕೊರೆಯುವುದು ಕಷ್ಟ. ಲೋಟ ಕವುಚಿ ಒತ್ತಿದರೆ ಒಂದೇ ಏಟಿಗೆ ಆಗುತ್ತದೆ. ಆದ್ದರಿಂದ ಸ್ವಿಚ್ಚಿನ ಕುತ್ತಿಗೆಯ ಅಳತೆಯ ಒಂದು ಲೋಹದ ಕೊಳವೆ ಬೇಕು. ಸ್ವಿಚ್ಚನ್ನು ಕೈಯಲ್ಲಿ ಹಿಡಿದು, ಮಗಳಿಗೆ ಗಂಡು ಹುಡುಕುವವರ ಹಾಗೆ ಮನೆಯಿಡೀ ತಿರುಗಿದೆ. ಚಕ್ಕುಲಿ ಒರಳು ತೀರ ದಪ್ಪ. ಕುಕ್ಕರಿನ ವಿಶಲ್ಲು ತೀರ ಸಣ್ಣದು. ಪರದೆಯ ಕಂಬಿ ಹೆಚ್ಚುಕಡಿಮೆ ಒಪ್ಪುವಂತಿತ್ತು, ಆದರೆ ಅದರ ತುದಿ ಚಪ್ಪಟೆ. ಕಡೆಗೆ ಬಾಗಿಲ ಹಿಂದೆ ನೇತುಬಿದ್ದಿದ್ದ ಮಾವನ ಮಡಚುವ ಕೊಡೆ ಕಣ್ಣಿಗೆ ಬಿತ್ತು. ಅದರ ಕಡ್ಡಿಗಳು ಮುರಿದು ವರ್ಷಗಳಾಗಿದ್ದವು. ಆದರೆ ನಡುವಿನ ಕೋಲು? ಕೊಳವೆಯೊಳಗೆ ಕೊಳವೆ, ಅದರೊಳಗೆ ಇನ್ನೊಂದು ಕೊಳವೆ! ಎಲ್ಲಕ್ಕಿಂತ ದಪ್ಪದ್ದಕ್ಕೆ ಸ್ವಿಚ್ಚಿನ ಕುತ್ತಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಕೊಡೆ ಕೇಳಿದಾಗ ಮಾವ ಕನ್ನಡಕದ ಮೇಲಿಂದ ನೋಡಿದರು. "ಅದು ರಿಪೇರಿಗೆ ಅಂತ ಇಟ್ಟದ್ದು."

"ಎಷ್ಟು ಮಳೆಗಾಲ ಹೋಯ್ತು ಮಾವ!"

"ಎಂತಕ್ಕೆ ನಿನಗೆ ಅದು?"

"ಬೆಲ್ಲಿಗೆ. ನಾಳೆ ಅತ್ತಿಗೆ ಬರ್ತಾರಲ್ಲ."

ಮಾವ ಎದ್ದು ಹೋದರು. ಕೊಡೆಯನ್ನು ಬಚ್ಚಿಡುತ್ತಾರೆಂದು ನಾನು ಅಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಅವರೇ ಇಕ್ಕಳ ಹಿಡಿದು ಜಗಲಿಯಲ್ಲಿ ಕೂತು, ಕೊಡೆಯ ಬಟ್ಟೆ ಬಿಡಿಸಿ, ಕಡ್ಡಿಗಳನ್ನು ಒಂದೊಂದಾಗಿ ಕಿತ್ತು, ಕೋಲನ್ನು ಬಿಡಿ ಬಿಡಿಯಾಗಿ ಮಾಡಿ ತಂದುಕೊಟ್ಟರು. "ನಾನು ಗೇಟಿಗೆ ಹೋಗುದಿಲ್ಲ ಅಂತ ಹೇಳಿದ್ದು. ಬೆಲ್ಲು ಬೇಡ ಅಂತ ಹೇಳಿಲ್ಲ" ಎಂದು ಹೇಳಿ ಮತ್ತೆ ಟಿವಿಯ ಎದುರು ಕೂತರು.

ಮೈಮೂನಳನ್ನು ಕರೆದೆ. ಈ ಗಳಿಗೆಗೆ ಸಾಕ್ಷಿ ಬೇಕಿತ್ತು. ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು, ತುದಿಯನ್ನು ಗ್ಯಾಸಿನ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಪೆಟ್ಟಿಗೆಯ ಮುಚ್ಚಳದ ಮೇಲೆ ನೆಟ್ಟಗೆ ಇಟ್ಟು, ಒತ್ತದೆ, ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದೆ. ಹಿಸ್ ಎಂದಿತು. ಎತ್ತಿದಾಗ ಕೆಳಗಿನಿಂದ ಒಂದು ಸಣ್ಣ ಬಿಳಿ ಬಿಲ್ಲೆ ಟಪ್ಪೆಂದು ಬಿತ್ತು. ಮುಚ್ಚಳದಲ್ಲಿ ತೂತು! ಅಂಚಿನಲ್ಲಿ ಕೂದಲಷ್ಟು ಎದ್ದಿದ್ದ ಏಣನ್ನು ಬ್ಲೇಡಿನಲ್ಲಿ ಸವರಿ ತೆಗೆದ ಮೇಲೆ ಅದನ್ನು ನೋಡುತ್ತ ನಾನು ಸುಮ್ಮನೆ ನಿಂತುಬಿಟ್ಟೆ. ಇಷ್ಟು ವರ್ಷ ಮಕ್ಕಳಿಗೆ ವೃತ್ತ ವೃತ್ತ ಎಂದು ಹೇಳಿಕೊಟ್ಟದ್ದು ಇದನ್ನೇ ಎಂದು ನನಗೇ ಆಗ ಗೊತ್ತಾದದ್ದು. ತಂತಿ ಬರುವ ಜಾಗಕ್ಕೆ ಕೆಳಬದಿಯಲ್ಲಿ ಸಪೂರ ಕೊಳವೆಯಿಂದ ಇನ್ನೊಂದು ಹಾಕಿದೆ. ಅದೂ ಹಾಗೇ ಬಂತು. ಕೆಲಸ ಅಲ್ಲಿಗೆ ಮುಗಿದಿತ್ತು. ಮುಗಿಸಬಹುದಿತ್ತು. ಆದರೆ ಮುಚ್ಚಳವನ್ನು ದೂರದಲ್ಲಿ ಹಿಡಿದು ನೋಡಿದರೆ ಬಲಗಡೆ ತೂತು, ಎಡಗಡೆ ಬೋಳು. ಒಕ್ಕಣ್ಣಿನ ಮುಖದ ಹಾಗೆ. ಜೊತೆಗೆ ಕೈಯೂ ಇನ್ನೊಮ್ಮೆ, ಒಂದೇ ಒಂದು ಸಲ ಎಂದು ತುರಿಸುತ್ತಿತ್ತು. ಕೊಳವೆ ಮತ್ತೆ ಕಾಯಿತು, ಎಡಗಡೆಗೂ ಒಂದು ಬಿತ್ತು.

"ಎರಡನೇದು ಎಂತಕ್ಕೆ ಟೀಚರೇ?" ಎಂದಳು ಮೈಮೂನ.

"ಚಂದಕ್ಕೆ" ಎಂದೆ.

ಅಂದು ಸಂಜೆಯೇ ಪೆಟ್ಟಿಗೆಯನ್ನು ಗೇಟಿನ ಕಂಬಕ್ಕೆ ಕೂರಿಸಿದೆವು. ಯಜಮಾನರನ್ನು ಮತ್ತೆ ಮತ್ತೆ ಕೆಳಗೆ ಕಳಿಸಿ ಬೆಲ್ಲು ಒತ್ತಿಸಿದೆ. ಪ್ರತಿ ಸಲವೂ ಅದು ಡಿಂಗ್ ಡಾಂಗ್ ಎಂದು ಗಟ್ಟಿಯಾಗಿ ಹೊಡೆಯಿತು. ಒಮ್ಮೆ ಅವರು ಹೋಗದಿದ್ದಾಗಲೂ ಹೊಡೆಯಿತು. ಹೋಗಿ ನೋಡಿದರೆ ಮೈಮೂನ, ಅವಳಿಗೂ ಒಂದು ಸಲ ಒತ್ತಬೇಕಿತ್ತಂತೆ.

ಆದಿತ್ಯವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಅಷ್ಟು ನಿಶ್ಶಬ್ದ ಹಿಂದೆಂದೂ ಇದ್ದದ್ದಿಲ್ಲ. ಮಿಕ್ಸಿ ಇಲ್ಲ, ಕುಕ್ಕರು ಇಲ್ಲ. ಟಿವಿ ಆಫಾಗಿತ್ತು. ಮಾವ ಒಗೆದ ಪಂಚೆ ಉಟ್ಟು, ಪೇಪರು ಓದುವವರ ಹಾಗೆ ಕೂತಿದ್ದರು. ಪೇಪರಿನ ಪುಟ ಮಾತ್ರ ಮಗುಚುತ್ತಿರಲಿಲ್ಲ. ಕೆಳಗೆ ರಿಕ್ಷಾ ನಿಂತ ಶಬ್ದವಾಯಿತು. "ಐದು ನಿಮಿಷ ನಿಲ್ಲಿ, ಈಗ ಬಂದೆ" ಎಂದು ಅತ್ತಿಗೆ ರಿಕ್ಷಾದವನಿಗೆ ಹೇಳಿದ್ದೂ ಕೇಳಿಸಿತು. ನಾವೆಲ್ಲ ಬೆಲ್ಲಿನ ಕಡೆ ನೋಡಿದೆವು. ಬೆಲ್ಲು ಸುಮ್ಮನಿತ್ತು. ಯಜಮಾನರು ಎದ್ದು ಹೊರಡಲು ನೋಡಿದಾಗ ನಾನು ಕೈ ಹಿಡಿದು ಕೂರಿಸಿದೆ. ಅವರು ಒತ್ತಲಿ, ಮೊದಲು ಒತ್ತಲಿ. ಇನ್ನೂ ಸ್ವಲ್ಪ ಹೊತ್ತು ಕಾದೆವು. ಆಮೇಲೆ ಡಿಂಗ್ ಡಾಂಗ್ ಬರಲಿಲ್ಲ, ಬಂದದ್ದು "ಅಯ್ಯೋ ವಿದ್ಯಾ! ಬಾ ಮಾರಾಯ್ತಿ ಬೇಗ!" ಎಂದು ನನ್ನ ಹೆಸರು ಹಿಡಿದ ಕೂಗು.

ಓಡಿ ಇಳಿದು ನೋಡಿದರೆ ಶಾರದತ್ತಿಗೆ ಗೇಟಿನ ಕಂಬಕ್ಕೆ ಅಂಟಿಕೊಂಡು ನಿಂತಿದ್ದಾರೆ. ಬಲಗೈಯ ತೋರುಬೆರಳು ನನ್ನ ಪೆಟ್ಟಿಗೆಯೊಳಗೆ. ಸ್ವಿಚ್ಚಿನ ತೂತಿನಲ್ಲಲ್ಲ, ಚಂದದ ತೂತಿನಲ್ಲಿ. ಸ್ವಿಚ್ಚೂ ಕಪ್ಪು, ತೂತಿನೊಳಗೂ ಕಪ್ಪು, ಅತ್ತಿಗೆಯ ಕನ್ನಡಕ ಬ್ಯಾಗಿನಲ್ಲಿ. "ಒತ್ತಿದೆ, ಒಳಗೆ ಹೋಯ್ತು. ಬೆಲ್ಲು ಆಗ್ಲಿಲ್ಲ. ಇನ್ನೂ ಒತ್ತಿದೆ. ಈಗ ಬರುದಿಲ್ಲ!" ಎಂದರು. ಯಜಮಾನರು "ಕರೆಂಟು! ಕರೆಂಟು!" ಎಂದು ಕಿರುಚುತ್ತ ಮೇನ್ ಸ್ವಿಚ್ಚು ತೆಗೆಯಲು ಮೇಲಕ್ಕೆ ಓಡಿದರು. ಅದು ಬ್ಯಾಟರಿಯ ಬೆಲ್ಲು ಎಂದು ಹೇಳುವಷ್ಟರಲ್ಲಿ ಅವರು ಇಡೀ ಮನೆಯ ಕರೆಂಟು ತೆಗೆದು ಆಗಿತ್ತು. ರಿಕ್ಷಾದವನು ಇಳಿದು ಬಂದು, ಬಗ್ಗಿ ನೋಡಿ, "ಭಾರಿ ಟೈಟು ಉಂಟಲ್ಲ" ಎಂದು ತಲೆಯಾಡಿಸಿದ. ಅತ್ತಿಗೆ ಹಾಗೆ ನೋವಿನಲ್ಲಿ ನಿಂತಿರುವಾಗ ನನ್ನ ಮನಸ್ಸಿಗೆ ಮೊದಲು ಬಂದದ್ದನ್ನು ಹೇಳಿದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ತೂತಿನ ಅಂಚು ಎಲ್ಲಾದರೂ ಒಡೆದಿದೆಯೋ ಎಂದು ನೋಡಿದೆ. ಒಡೆದಿರಲಿಲ್ಲ. ಬೆರಳಿನ ಸುತ್ತ ಒಂದೇ ಸಮನೆ, ಉಂಗುರದ ಹಾಗೆ ಕೂತಿತ್ತು.

"ಈ ತೂತು ಎಂತಕ್ಕೆ ಇಲ್ಲಿ?" ಎಂದರು ಅತ್ತಿಗೆ, ಹಲ್ಲು ಕಚ್ಚಿ.

"ಅದು... ಚಂದಕ್ಕೆ ಅತ್ತಿಗೆ."

"ಚಂದಕ್ಕಾ?"

ಅಷ್ಟರಲ್ಲಿ ಮೈಮೂನ ಓಡಿ ಬಂದಳು. ಎಳೆಯಬೇಡಿ, ಎಳೆದರೆ ಬಾತುಕೊಳ್ಳುತ್ತದೆ, ಮೊದಲು ಮುಚ್ಚಳ ಬಿಚ್ಚುವ ಎಂದಳು. ಸ್ಕ್ರೂಗಳನ್ನು ತೆಗೆದು, ತಂತಿ ಬಿಡಿಸಿದಾಗ ಅತ್ತಿಗೆ ಕಂಬದಿಂದ ಬಿಡುಗಡೆಯಾದರು. ಮುಚ್ಚಳದಿಂದ ಆಗಲಿಲ್ಲ. ಅದು ಬೆರಳಿನಲ್ಲೇ ಉಳಿಯಿತು, ಸ್ವಿಚ್ಚು ಸಮೇತ. ಹೀಗೆ ಕೈಯಲ್ಲಿ ಪ್ಲಾಸ್ಟಿಕ್ ಫಲಕ ತೊಟ್ಟು ರಿಕ್ಷಾದಲ್ಲಿ ಸುಳ್ಯಕ್ಕೆ ಹೋಗುವುದು ಸಾಧ್ಯವಿರಲಿಲ್ಲ. ಇನ್ನೊಂದು ಕಡೆ ಬಾಡಿಗೆ ಉಂಟೆಂದು ರಿಕ್ಷಾದವನೂ ಹೊರಟ. ಆ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದವರು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು.

ಮೇಲಿನ ಮೆಟ್ಟಿಲಲ್ಲಿ ಮಾವ ನಿಂತಿದ್ದರು. ಅಪ್ಪನನ್ನು ಕಂಡದ್ದೇ ಅತ್ತಿಗೆ ಅಲ್ಲೇ ನಿಂತು, ಎಡಗೈಯಿಂದ ಬ್ಯಾಗು ತಡಕಿ ಕಾಗದ ತೆಗೆದರು. ಕೊಟ್ಟು ಮುಗಿಸಿಬಿಡುವ ಅಂದಾಜು. ಮಾವ ಕೈ ಚಾಚಲಿಲ್ಲ.

"ಎಡಗೈಯಲ್ಲಿ ಕೊಡುದಾ ಮದುವೆ ಕಾಗದ?" ಎಂದರು. ಆಮೇಲೆ ಸ್ವರ ತಗ್ಗಿಸಿ, "ಒಳಗೆ ಬಂದು ಕೂತುಕೋ. ಕೈ ಬಿಡಲಿ" ಎಂದರು.

ತೆಂಗಿನೆಣ್ಣೆ ಹಾಕಿದೆವು, ಸಾಬೂನು ಹಾಕಿದೆವು. ಬೆರಳು ಬಾತಿತ್ತು. ಮಾವ ಸುಮ್ಮನಿರಲಾರದೆ, "ಆ ಕೊಡೆಕೋಲು ಇನ್ನೊಮ್ಮೆ ಬಿಸಿ ಮಾಡಿ ಬದಿಯಿಂದ ಕತ್ತರಿಸಿದ್ರೆ ಹೇಗೆ?" ಎಂದು ಕೇಳಿದಾಗ ಅತ್ತಿಗೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟರು. "ಎಂತ ಬೇಡ ಅಕ್ಕ. ಕೈ ಮೇಲೆ ಎತ್ತಿ ಹಿಡೀರಿ, ಬಾವು ಇಳೀಲಿ, ಅದರಷ್ಟಕ್ಕೆ ಬರ್ತದೆ" ಎಂದಳು ಮೈಮೂನ, ಬೆರಳಿಗೆ ಐಸು ಹಿಡಿಯುತ್ತ. ಅತ್ತಿಗೆ ಸೋಫಾದಲ್ಲಿ ಕೂತು ಕೈ ಎತ್ತಿದರು. ಪ್ರಶ್ನೆ ಕೇಳಲು ಕೈ ಎತ್ತಿದ ವಿದ್ಯಾರ್ಥಿಯ ಹಾಗೆ. ಸುಮ್ಮನೆ ಕೈ ಎತ್ತಿ ಎಷ್ಟು ಹೊತ್ತು ಕೂರುವುದು? ನಿಧಾನಕ್ಕೆ ಪ್ರಶ್ನೆಯೂ ಬಂತು.

"ಅವತ್ತು ಆ ಬಿಸಿಲಿಗೆ ಎಷ್ಟು ಹೊತ್ತು ನಿಂತಿದ್ದೆ ಗೊತ್ತುಂಟಾ ಅಪ್ಪ? ನೀವು ಮನೆಯಲ್ಲಿಲ್ಲದಿದ್ರೆ ನನಗೆ ಬೇಜಾರಿರ್ಲಿಲ್ಲ. ಟಿವಿ ಕೇಳ್ತಾ ಇತ್ತು. ಮಿಕ್ಸಿ ಕೇಳ್ತಾ ಇತ್ತು. ಒಗ್ಗರಣೆ ವಾಸನೆ ಸಮೇತ ಬರ್ತಾ ಇತ್ತು. ಎಲ್ಲರೂ ಒಳಗೆ ಇದ್ದೀರಿ, ನಾನೊಬ್ಬಳು ಹೊರಗೆ. ನನಗೆ ಎಂತ ಆಗಿರ್ಬೇಕು?"

ನನಗೆ ನನ್ನ ಒಗ್ಗರಣೆಯ ಮೇಲೆ ನಾಚಿಕೆಯಾಯಿತು. ಮಾವ ಕುರ್ಚಿ ಎಳೆದುಕೊಂಡು ಮಗಳ ಪಕ್ಕಕ್ಕೆ ಬಂದು, ಅವರ ಮೊಣಕೈಯ ಕೆಳಗೆ ತಮ್ಮ ಕೈ ಕೊಟ್ಟು ಕೂತರು. "ಕೈ ಸೋತಿರ್ತದೆ. ಇದರ ಮೇಲೆ ಬಿಡು" ಎಂದರು. ಹಾಗೇ ಕೂತರು. ಅತ್ತಿಗೆ ಅಳಲಿಲ್ಲ, ಆದರೆ ಮೂಗು ಒರೆಸಿಕೊಳ್ಳಲು ಹೋದ ಎಡಗೈ ಕಣ್ಣಿನವರೆಗೂ ಹೋಗಿ ಬಂತು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಚಪ್ಪರಕ್ಕೆ ಯಾರಿಗೆ ಹೇಳಿದ್ದು, ಅಡುಗೆಗೆ ಯಾರು, ಹುಡುಗನ ಕಡೆಯವರು ಎಷ್ಟು ಜನ ಎಂದೆಲ್ಲ ಮಾತಾಡತೊಡಗಿದರು. ನಾನು ಮಾಡಿದ ಕಾಫಿಯನ್ನು ಅತ್ತಿಗೆ ಎಡಗೈಯಲ್ಲೇ ಕುಡಿದರು. ಕಾಫಿಗೆ ಆ ಶಾಸ್ತ್ರ ಇಲ್ಲ. ಅಡುಗೆಯವರ ವಿಷಯದಲ್ಲಿ ಅಪ್ಪ ಮಗಳಿಗೆ ಇನ್ನೊಂದು ಸಣ್ಣ ಜಗಳ ಶುರುವಾಗಿ, ಅತ್ತಿಗೆ ಕೈ ಬೀಸಿ "ಹಾಗಲ್ಲ ಅಪ್ಪ!" ಎಂದ ರಭಸಕ್ಕೆ, ಎಣ್ಣೆ ಕುಡಿದಿದ್ದ ಮುಚ್ಚಳ ಬೆರಳಿನಿಂದ ಜಾರಿ ಹಾರಿ ಟಿವಿಯ ಕೆಳಗೆ ಬಿತ್ತು.

ಅತ್ತಿಗೆ ಕೈ ಒರೆಸಿಕೊಂಡು ಬಂದು, ಬಲಗೈಯಲ್ಲಿ ಕಾಗದ ಕೊಟ್ಟು, ಅಪ್ಪನ ಕಾಲು ಹಿಡಿದು ನಮಸ್ಕರಿಸಿದರು. ಕಾಗದದ ಮೇಲೆ ಎಣ್ಣೆಯ ಒಂದು ಬೆರಳಚ್ಚು ಇತ್ತು. ಮಾವ ಅದನ್ನು ಪೂರ್ತಿ ಓದಿದರು, ಮುದ್ರಿಸಿದವರ ಹೆಸರಿನವರೆಗೂ. ಊಟ ಮಾಡಿಯೇ ಹೊರಟ ಅತ್ತಿಗೆ ಗೇಟಿನ ಹತ್ತಿರ, ನಾವು ಮತ್ತೆ ಕೂರಿಸಿದ್ದ ಬೆಲ್ಲನ್ನು ಒಮ್ಮೆ ಒತ್ತಿ ನೋಡಿ, ನನ್ನ ಭುಜ ಹಿಡಿದು, "ಬೆಲ್ಲು ಒಳ್ಳೇದಾಗಿದೆ. ಆ ಇನ್ನೊಂದು ತೂತು ಮಾತ್ರ ಇವತ್ತೇ ಮುಚ್ಚು" ಎಂದರು. ಆಗಲಿ ಎಂದೆ. ಮದುವೆ ಚೆನ್ನಾಗಿಯೇ ಆಯಿತು. ಮಾವ ಹಿಂದಿನ ದಿನವೇ ಹೋಗಿ ಚಪ್ಪರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ತೂತನ್ನು ಮಾತ್ರ ನಾನು ಮುಚ್ಚಲಿಲ್ಲ. ಮುಚ್ಚಲು ಗೋಂದು ತಂದೆ, ಕಲಸಿದೆ, ಕಂಬದ ಎದುರು ನಿಂತೆ. ಮನಸ್ಸು ಬರಲಿಲ್ಲ. ಮುಂದೆ ಅಲ್ಲೊಂದು ಸಣ್ಣ ದೀಪ ಹಾಕಬಹುದು ಎಂದು ಯಜಮಾನರಿಗೆ ಹೇಳಿದೆ. ಹೀಗೆ ಮುಂದೂಡುತ್ತಿರುವಾಗ ಒಂದು ಬೆಳಿಗ್ಗೆ ನೋಡಿದರೆ ತೂತಿನ ಸುತ್ತ ಸೊಳ್ಳೆಯಂತಹ ಕಪ್ಪು ಹುಳಗಳು. ಮಾವ ಬಗ್ಗಿ ನೋಡಿ, "ಮುಜಂಟಿ! ಯಾರೂ ಮುಟ್ಟಬೇಡಿ" ಎಂದರು. ಕಚ್ಚದ ಜಾತಿಯ ಪುಟ್ಟ ಜೇನು ಅದು. ಮಾವ ಕೊಲ್ಲಮೊಗ್ರಿನಲ್ಲಿ ಅದನ್ನೇ ನೋಡುತ್ತ ಬೆಳೆದವರು. ಅದರ ತುಪ್ಪ ಮದ್ದಿಗೆ ಒಳ್ಳೆಯದಂತೆ, ತಾನಾಗಿ ಬಂದರೆ ಮನೆಗೆ ಒಳ್ಳೆಯದಂತೆ. ಮಾವ ಈಗ ಟಿವಿ ಬಿಟ್ಟು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಾರೆ. ಬೆಲ್ಲು ಇನ್ನೂ ಹೊಡೆಯುತ್ತದೆ. ಪೆಟ್ಟಿಗೆ ಬಿಚ್ಚಲಿಕ್ಕೆ ಮಾತ್ರ ಉಮೇಶನಿಗೂ ಅಪ್ಪಣೆ ಇಲ್ಲ.

ಎಲ್ಲರಿಗೂ ಸಂತೋಷವಾಯಿತು, ನನ್ನೊಬ್ಬಳನ್ನು ಬಿಟ್ಟು. ಏಕೆಂದರೆ ಆ ಜೇನುಗಳು ಮಾಡಿದ ಮೊದಲ ಕೆಲಸ ನನ್ನ ತೂತನ್ನು ಮುಚ್ಚಿದ್ದು. ಎಲ್ಲಿಂದಲೋ ಕಪ್ಪು ಅಂಟು ತಂದು ತಂದು ಮೆತ್ತಿ, ನಡುವೆ ಸೊಟ್ಟದೊಂದು ಮೂತಿ ಮಾತ್ರ ಬಿಟ್ಟುಕೊಂಡು, ಒಂದು ಅಳತೆಯಿಲ್ಲ, ಆಕಾರವಿಲ್ಲ, ಅದರಲ್ಲೇ ಸುಖವಾಗಿ ಹೋಗಿ ಬರುತ್ತಿವೆ. ಈಗ ಎಡಬದಿಯಲ್ಲಿ ಕತ್ತರಿಸಿದ ಉಗುರಿನಷ್ಟು ಅಂಚು ಮಾತ್ರ ಕಾಣುತ್ತದೆ. ಶಾಲೆಗೆ ಹೋಗುವಾಗ ಬರುವಾಗ ನಾನು ಅದನ್ನು ನಿಂತು ನೋಡುತ್ತೇನೆ. ಮನೆಗೆ ಬಂದವರು ಯಾರಾದರೂ ಸಿಕ್ಕಿದರೆ, "ಜೇನು ಬಿಡಿ, ಇಲ್ಲಿ ನೋಡಿ, ಈ ಬದಿಯಲ್ಲಿ ಸ್ವಲ್ಪ ಕಾಣ್ತದಲ್ಲ? ಸುತ್ತ ಹೀಗೇ ಇತ್ತು, ಒಂದು ಕೂದಲೆಳೆಯ ವ್ಯತ್ಯಾಸ ಇರ್ಲಿಲ್ಲ" ಎಂದು ತೋರಿಸುತ್ತೇನೆ. ಅವರು ಬಗ್ಗಿ ನೋಡಿ, "ಹೌದು ಹೌದು ಟೀಚರೇ" ಎನ್ನುತ್ತಾರೆ. ಆಮೇಲೆ, ನಾನು ಎದುರಿಗೇ ನಿಂತಿದ್ದರೂ, ಮೆಲ್ಲಗೆ ಕೈ ಚಾಚಿ ಬೆಲ್ಲು ಒತ್ತುತ್ತಾರೆ, ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೋ ಎಂದು.